ಮೈಕಿನ ಮೈಕ್ರೋವೋಲ್ಟ್, ಧಾರವಾಡ ಸ್ಟೇಷನ್ನಿನ ಮಿಲಿವ್ಯಾಟ್

ಶೂರ್ ಎಸ್‌ಎಂ58 ಮೈಕಿನ ಡೇಟಾಶೀಟಿನಲ್ಲಿ ಒಂದು ಸಾಲು ಇದೆ: 1 ಪಾಸ್ಕಲ್ ಒತ್ತಡಕ್ಕೆ 1.85 ಮಿಲಿವೋಲ್ಟ್. ಆರ್ಕೆಸ್ಟ್ರಾ, ಕಾಲೇಜ್ ಡೇ, ಚುನಾವಣಾ ಭಾಷಣ ಎಲ್ಲ ಕಡೆ ಕಾಣುವ, ಜಾಲರಿ ಉಂಡೆಯ ಮೈಕು ಅದೇ. 1 ಪಾಸ್ಕಲ್ ಅಂದರೆ 94 ಡೆಸಿಬೆಲ್ ಸದ್ದು. ಕಿವಿಗೆ ಅದು ಜೋರೇ. ಒಂದು ಮೀಟರ್ ದೂರದಲ್ಲಿ ಕುಳಿತು ಸಾಮಾನ್ಯವಾಗಿ ಮಾತಾಡಿದರೆ ಮೈಕಿಗೆ ತಲುಪುವುದು ಸುಮಾರು 60 ಡೆಸಿಬೆಲ್, ಅಂದರೆ 0.02 ಪಾಸ್ಕಲ್. ಗುಣಿಸಿ ನೋಡಿದರೆ ಮೈಕಿನ ತುದಿಯಲ್ಲಿ 37 ಮೈಕ್ರೋವೋಲ್ಟ್. ಒಂದು ಪೆನ್ಸಿಲ್ ಸೆಲ್ಲಿನ ನಲವತ್ತು ಸಾವಿರದಲ್ಲಿ ಒಂದು ಪಾಲು.

ಈ ಲೆಕ್ಕ ಬೇಕಾಗಿದ್ದು ಅಕ್ಕನ ಮಗನಿಗೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ 'ಶಬ್ದದಿಂದ ಕರೆಂಟ್' ಎಂದು ಮಾಡೆಲ್ ಮಾಡಬೇಕಂತೆ. "ಮಾಮಾ, ಮೈಕಿಗೆ ಎಲ್‌ಇಡಿ ಹಚ್ಚಿ ಒದರಿದ್ರ ಹತ್ತತೈತೇನು?" ಎಂದು ಕೇಳಿದ. ಹತ್ತುವುದಿಲ್ಲ ಎಂದು ಒಂದೇ ಮಾತಲ್ಲಿ ಹೇಳಬಹುದಿತ್ತು. ಆದರೆ ಎಷ್ಟರಿಂದ ಹತ್ತುವುದಿಲ್ಲ ಎನ್ನುವುದೇ ಮಜಾ ಇರುವ ಪ್ರಶ್ನೆ. ಜೊತೆಗೆ ನಮ್ಮ ಮನೆ ಮೇಲೆ ಹಳೆಯ ಆಂಟೆನಾ ತಂತಿ ಒಂದು ಸುಮ್ನೆ ನೇತಾಡುತ್ತಿತ್ತು. ಧಾರವಾಡ ಆಕಾಶವಾಣಿಯ ಅಲೆಯಿಂದ ಅದು ಎಷ್ಟು ಕರೆಂಟ್ ಹಿಡಿಯುತ್ತದೆ ಎಂದು ನೋಡಲು ಅದನ್ನೂ ಅದೇ ಮೇಜಿಗೆ ಎಳೆದುಕೊಂಡೆ.

ಮೊದಲು ಅಳೆಯುವ ದಾರಿ

ಸಾಮಾನ್ಯ ಹಳದಿ ಮಲ್ಟಿಮೀಟರ್, ಡಿಟಿ830 ಜಾತಿಯದು, ಈ ಕೆಲಸಕ್ಕೆ ಬರುವುದಿಲ್ಲ. ಅದರ ಎಸಿ ರೇಂಜ್ ಶುರುವಾಗುವುದೇ 200 ವೋಲ್ಟಿನಿಂದ. ಗೋಡೆಯ ಪ್ಲಗ್ ನೋಡಲು ಮಾಡಿದ ಮೀಟರ್ ಅದು. ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಪುಟ್ಟ ಡಿಜಿಟಲ್ ಸ್ಕೋಪಿನಲ್ಲೂ (ಆಸಿಲೋಸ್ಕೋಪ್) ಕೆಲವು ಮಿಲಿವೋಲ್ಟಿಗಿಂತ ಕೆಳಗೆ ಬರೀ ಹುಲ್ಲಿನಂಥ ಗದ್ದಲ ಕಾಣುತ್ತದೆ. ಹಾಗಾಗಿ ಎನ್‌ಇ5532 ಐಸಿ ಹಾಕಿ ನೂರು ಪಟ್ಟಿನ ಆಂಪ್ಲಿಫೈಯರ್ ಕಟ್ಟಿದೆ. ಫೀಡ್‌ಬ್ಯಾಕಿಗೆ 10 ಕಿಲೋ ಓಮ್, ನೆಲಕ್ಕೆ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿಗೆ) 100 ಓಮ್. ಎರಡು 9 ವೋಲ್ಟ್ ಬ್ಯಾಟರಿ, ಒಂದು ಪ್ಲಸ್‌ಗೆ, ಒಂದು ಮೈನಸ್‌ಗೆ. ಅಡಾಪ್ಟರ್ ಬೇಡವೇ ಬೇಡ. 37 ಮೈಕ್ರೋವೋಲ್ಟ್ ಹುಡುಕುವ ಕಡೆ ಅಡಾಪ್ಟರಿನ ಗುಯ್ ಎನ್ನುವ ಸದ್ದೇ ಸಾವಿರ ಮೈಕ್ರೋವೋಲ್ಟ್ ಇರುತ್ತದೆ.

ಆ 100 ಓಮ್ ಸುಮ್ನೆ ಆರಿಸಿದ್ದಲ್ಲ. ಎಲ್ಲ ರೆಸಿಸ್ಟರಿಗೂ ಅದರ ಬಿಸಿಯಿಂದಲೇ ಬರುವ ಗೊಜಗೊಜ ಸದ್ದು ಒಂದಿರುತ್ತದೆ. ರೆಸಿಸ್ಟನ್ಸ್ ದೊಡ್ಡದಾದಷ್ಟೂ ಅದು ಜಾಸ್ತಿ. ಮೈಕಿನ ಕಾಯಿಲ್ ಸುಮಾರು 300 ಓಮ್. ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ಅಗಲದಲ್ಲಿ ಅದರದ್ದೇ ಸದ್ದು 0.3 ಮೈಕ್ರೋವೋಲ್ಟ್ ಆಗುತ್ತದೆ. ಐಸಿಯದ್ದು ಇನ್ನೊಂದು 0.7. ಎರಡೂ ಸೇರಿದರೂ 1 ಮೈಕ್ರೋವೋಲ್ಟಿನ ಒಳಗೆ. ಅಲ್ಲಿಗೆ ನಮ್ಮ 37 ಚೆನ್ನಾಗಿಯೇ ಮೇಲೆ ನಿಲ್ಲುತ್ತದೆ.

ಎಲ್ಲವನ್ನೂ ತಗಡಿನ ಬಿಸ್ಕತ್ ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ಸರ್ಕ್ಯೂಟಿನ ನೆಲಕ್ಕೆ ಜೋಡಿಸಿದೆ. ಮೈಕಿನ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಕನೆಕ್ಟರಿನಲ್ಲಿ ಪಿನ್ 1 ಡಬ್ಬಿಗೆ, 2 ಐಸಿಗೆ, 3 ನೆಲಕ್ಕೆ. ಡಬ್ಬಿಯ ಮುಚ್ಚಳ ತೆಗೆದರೆ ಸ್ಕೋಪಿನಲ್ಲಿ ಕರೆಂಟಿನ 50 ಹರ್ಟ್ಸ್ ಗುಡ್ಡದಂತೆ ಏಳುತ್ತದೆ, ಮುಚ್ಚಿದರೆ ಮಲಗುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿದರೆ ಇನ್ನೂ ಒಳ್ಳೆಯದು.

ನೂರು ಪಟ್ಟು ನಿಜವಾಗಿಯೂ ನೂರೇನಾ ಎಂದು ನೋಡಲು ಮೊಬೈಲಿನಿಂದ 1 ಕಿಲೋಹರ್ಟ್ಸ್ ಟೋನ್ ಕೊಟ್ಟೆ. ಹೆಡ್‌ಫೋನ್ ತುದಿಯಲ್ಲಿ 100 ಮಿಲಿವೋಲ್ಟ್ ಬರುವಂತೆ ವಾಲ್ಯೂಮ್ ಇಟ್ಟು, 100 ಕಿಲೋ ಓಮ್ ಮತ್ತು 100 ಓಮ್ ಜೋಡಿಯಿಂದ ಅದನ್ನು ಸಾವಿರ ಪಟ್ಟು ಇಳಿಸಿದೆ. ಒಳಗೆ ಹೋಗುವುದು 0.1 ಮಿಲಿವೋಲ್ಟ್, ಹೊರಗೆ 10 ಬರಬೇಕು. ಬಂತು.

ಮೈಕು ಏನು ಕೊಟ್ಟಿತು

ಮೈಕು ಪಕ್ಕದ ಓಣಿಯ ಭಜನಾ ಮಂಡಳಿಯಿಂದ ಎರವಲು ತಂದದ್ದು. ಒಂದು ಮೀಟರ್ ದೂರದಿಂದ ಮಾತಾಡಿದಾಗ 40 ಮೈಕ್ರೋವೋಲ್ಟಿನ ಆಸುಪಾಸು. ಡೇಟಾಶೀಟಿನ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆ, ಏಕೆಂದರೆ ಸದ್ದಿನ ಮಟ್ಟ ನೋಡಿದ್ದು ಮೊಬೈಲ್ ಆ್ಯಪಿನಲ್ಲಿ. ಮೂವತ್ತು ಸೆಂಟಿಮೀಟರಿಗೆ ಬಂದರೆ 100 ಮೈಕ್ರೋವೋಲ್ಟ್ ದಾಟಿತು. ತುಟಿ ಜಾಲರಿಗೆ ತಾಗುವಂತೆ ಹಿಡಿದು ಮಾತಾಡಿದರೆ 5 ಮಿಲಿವೋಲ್ಟ್. ಇಲ್ಲಿ ದೂರದ ಮಹಿಮೆ ನೋಡಿ: ಅದೇ ಗಂಟಲು, ಅದೇ ಮೈಕು, ನೂರು ಪಟ್ಟಿಗಿಂತ ಜಾಸ್ತಿ ಅಂತರ. ಮೈಕನ್ನು ಹೊಟ್ಟೆಯ ಹತ್ತಿರ ಹಿಡಿದು "ಸೌಂಡ್ ಜಾಸ್ತಿ ಮಾಡ್ರಿ" ಎನ್ನುವ ಅತಿಥಿಗಳಿಗೆ ಇದನ್ನು ತೋರಿಸಬೇಕು.

ನಂತರ ಹುಡುಗ ಒದರಿದ. ಆಂಪ್ಲಿಫೈಯರ್ ಬ್ಯಾಟರಿಯ ಅಂಚಿಗೆ ಬಡಿದು ಚಪ್ಪಟೆಯಾಯಿತು. ಅದಕ್ಕೆ ಆಂಪ್ಲಿಫೈಯರ್ ತೆಗೆದು ಮೈಕನ್ನೇ ನೇರ ಸ್ಕೋಪಿಗೆ ಕೊಟ್ಟೆ. 100 ಮಿಲಿವೋಲ್ಟ್! ಫ, ಭ ಇಂಥ ಮಹಾಪ್ರಾಣ ಅಕ್ಷರಕ್ಕೆ ಗಾಳಿ ನೇರ ಬಂದು ಬಡಿದಾಗ ಅದಕ್ಕಿಂತಲೂ ಎತ್ತರದ ಒಂದೊಂದು ಮೊಳೆ. ಡೊಳ್ಳಿನ ಮುಂದೆ ಮೈಕು ಇಟ್ಟರೂ ಇದೇ ಕತೆ. ಮಿಕ್ಸರಿನಲ್ಲಿ ಸಿಗ್ನಲ್ ತಗ್ಗಿಸುವ ಪ್ಯಾಡ್ ಬಟನ್ ಇರುವುದು ಇಂಥದ್ದಕ್ಕೇ.

"ಹಂಗಾದ್ರ 20 ಮೈಕ್ ಸಾಲಾಗಿ ಜೋಡಿಸಿದ್ರ 2 ವೋಲ್ಟ್ ಆತು, ಎಲ್‌ಇಡಿ ಹತ್ತತೈತಿ" ಎಂದ. ವೋಲ್ಟಿನ ಲೆಕ್ಕ ಸರಿ. ಆದರೆ ವೋಲ್ಟ್ ಒಂದನ್ನೇ ಕೇಳಿದರೆ ಉತ್ತರ ಯಾವಾಗಲೂ ಅರ್ಧ. ಆ ವೋಲ್ಟಿನ ಹಿಂದೆ ಎಷ್ಟು ಓಮ್ ಕುಳಿತಿದೆ ಎಂದೂ ಕೇಳಬೇಕು. ಮೈಕಿನ ಹಿಂದೆ 300 ಓಮ್ ಇದೆ. ಯಾವುದೇ ಮೂಲದಿಂದ ಗರಿಷ್ಠ ಕೆಲಸ ತೆಗೆಯಬೇಕಾದರೆ ಅಷ್ಟೇ ಓಮ್‌ನ ಹೊರೆ ಹಾಕಬೇಕು, ಆಗ ಅರ್ಧ ವೋಲ್ಟ್ ಒಳಗೇ ಉಳಿಯುತ್ತದೆ. ತುಟಿ ತಾಗಿಸಿ ಮಾತಾಡಿದ 5 ಮಿಲಿವೋಲ್ಟಿನಿಂದ ಹೀಗೆ ಸಿಗುವುದು 20 ನ್ಯಾನೋವ್ಯಾಟ್. ಒದರಿದ 100 ಮಿಲಿವೋಲ್ಟಿನಿಂದ 8 ಮೈಕ್ರೋವ್ಯಾಟ್. ಕೆಂಪು ಎಲ್‌ಇಡಿ 1 ಮಿಲಿಆಂಪ್‌ನಲ್ಲಿ ಸುಮಾರಾಗಿ ಬೆಳಗಲು 1.8 ಮಿಲಿವ್ಯಾಟ್ ಬೇಕು. ಅಲ್ಲಿಗೆ ಇನ್ನೂರಕ್ಕೂ ಹೆಚ್ಚು ಮೈಕು, ಎಲ್ಲದಕ್ಕೂ ಒಬ್ಬೊಬ್ಬ ಒದರುವವ!

ಮೈಕು ಮಾಡಿದವರ ದೋಷವಲ್ಲ ಇದು. 94 ಡೆಸಿಬೆಲ್ ಸದ್ದು ಒಂದು ಚದರ ಮೀಟರಿಗೆ ಹೊತ್ತು ತರುವುದೇ 2.4 ಮಿಲಿವ್ಯಾಟ್. ಮೈಕಿನೊಳಗೆ ಸದ್ದಿಗೆ ಅದುರುವ, ಎರಡೂವರೆ ಸೆಂಟಿಮೀಟರ್ ಅಗಲದ ಪರದೆಗೆ ಅದರಲ್ಲಿ ಸಿಗುವ ಪಾಲು ಸುಮಾರು 1.2 ಮೈಕ್ರೋವ್ಯಾಟ್. ಅದರಲ್ಲಿ ಮೈಕು ಕರೆಂಟಾಗಿ ಮಾಡಿಕೊಡುವುದು ನಾನೂರರಲ್ಲಿ ಒಂದು ಪಾಲು. ಪೂರ್ತಿ ನೂರಕ್ಕೆ ನೂರು ಮಾಡಿಕೊಟ್ಟರೂ ಎಲ್‌ಇಡಿಗೆ ಸಾಲದು. ಗಾಳಿಯಲ್ಲೇ ಇಲ್ಲದ್ದನ್ನು ತರುವುದು ಎಲ್ಲಿಂದ?

ಸ್ಪೀಕರನ್ನೇ ಮೈಕು ಮಾಡಿದ್ದು

ಪರದೆ ಚಿಕ್ಕದಾದ್ದರಿಂದ ಸಿಗುವುದು ಕಡಿಮೆ ಎಂದಮೇಲೆ ಪರದೆ ದೊಡ್ಡದು ಮಾಡಬೇಕು. ಹಳೆಯ ಟೇಪ್ ರೆಕಾರ್ಡರಿನ ಡಬ್ಬದಿಂದ 6 ಇಂಚಿನ ವೂಫರ್ ಒಂದನ್ನು ಬಿಚ್ಚಿದೆವು. ಸ್ಪೀಕರ್ ಉಲ್ಟಾ ಮೈಕೇ, ಹಳೆಯ ಇಂಟರ್‌ಕಾಮ್‌ಗಳಲ್ಲಿ ಒಂದೇ ಸ್ಪೀಕರ್ ಎರಡೂ ಕೆಲಸ ಮಾಡುತ್ತಿತ್ತು. ಇದರ ಒಳಗಿನ ಓಮ್ ಬರೀ 8. ಕೋನಿನ (ಸ್ಪೀಕರಿನ ಅದುರುವ ಪರದೆ) ಮುಂದೆ ಬಾಯಿಟ್ಟು ತಗ್ಗಿನ ದನಿಯಲ್ಲಿ "ಓ" ಎಂದು ಎಳೆದರೆ, ದನಿ ಕೋನಿನ ಸ್ವಂತ ಕಂಪನಕ್ಕೆ ಹೊಂದಿದ ಜಾಗದಲ್ಲಿ 0.15 ವೋಲ್ಟ್ ತನಕ ಬಂತು. 8 ಓಮ್ ಹಿಂದೆ 0.15 ವೋಲ್ಟ್ ಅಂದರೆ 0.7 ಮಿಲಿವ್ಯಾಟ್. ಮೈಕಿಗಿಂತ ಎಂಬತ್ತು ಪಟ್ಟು ಹೆಚ್ಚು.

ವೋಲ್ಟ್ ಕಡಿಮೆ, ಅದನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತದೆ. 230ರಿಂದ 6 ವೋಲ್ಟಿಗೆ ಇಳಿಸುವ ಪುಟ್ಟ ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಹಾಕಿದೆ. 6 ವೋಲ್ಟಿನ ಬದಿಗೆ ಸ್ಪೀಕರ್, 230ರ ಬದಿಗೆ ಕೆಂಪು ಎಲ್‌ಇಡಿ. ಸುಮಾರು 38 ಪಟ್ಟು ಏರಿಕೆ. ಎಲ್‌ಇಡಿ ಉಲ್ಟಾ ವೋಲ್ಟ್ ಜಾಸ್ತಿ ತಡೆಯುವುದಿಲ್ಲ, ಅದಕ್ಕೆ ಎದುರುಬದುರಾಗಿ ಇನ್ನೊಂದು ಎಲ್‌ಇಡಿ ಇಟ್ಟೆ. ಕಿಟಕಿ ಪರದೆ ಎಳೆದು ಹುಡುಗ "ಓ" ಎಂದಾಗ ಎರಡೂ ಮಿಣುಕಿದವು. ಕೋನನ್ನು ಬೆರಳಿಂದ ಒತ್ತಿದರೆ ಹಗಲಿನಲ್ಲೂ ಕಾಣುವಷ್ಟು ಬೆಳಗುತ್ತದೆ, ಆದರೆ ಅದು ಶಬ್ದದಿಂದ ಕರೆಂಟ್ ಅಲ್ಲ, ಬೆರಳಿಂದ ಕರೆಂಟ್. ಪ್ರದರ್ಶನದಲ್ಲಿ ಬೆರಳು ಹಾಕಬಾರದು ಎಂದು ಹೇಳಿ ಕಳಿಸಿದ್ದೇನೆ. ಇಲ್ಲೊಂದು ಎಚ್ಚರಿಕೆ. ಹೀಗೆ ತಿರುಗಿಸಿದ ಟ್ರಾನ್ಸ್‌ಫಾರ್ಮರಿಗೆ ಬ್ಯಾಟರಿ ತಾಗಿಸಿ ತೆಗೆದರೆ 230ರ ಬದಿಯಲ್ಲಿ ಚುರುಕ್ ಎನ್ನುವ ಶಾಕ್ ಹೊಡೆಯುತ್ತದೆ. ಸ್ಪೀಕರ್ ಬಿಟ್ಟು ಬೇರೇನೂ ಜೋಡಿಸಬೇಡಿ.

ಇದು ಆಟಿಕೆ ಮಾತ್ರವಲ್ಲ. ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ ಬ್ಯಾಟರಿಯೇ ಇಲ್ಲದ ಫೋನುಗಳು ಇವೆ. ಮಾತಾಡುವವನ ದನಿಯೇ ಕರೆಂಟಾಗಿ, ತಂತಿಯಲ್ಲಿ ಹೋಗಿ, ಆ ಕಡೆಯವನ ಕಿವಿಯಲ್ಲಿ ಮತ್ತೆ ದನಿಯಾಗುತ್ತದೆ. ಹಡಗಿನ ಕರೆಂಟೆಲ್ಲ ಹೋದರೂ ಆ ಫೋನು ಹೋಗುವುದಿಲ್ಲ. 1876ರಲ್ಲಿ ಬೆಲ್ ಪೇಟೆಂಟ್ ಪಡೆದ ಮೊದಮೊದಲ ಟೆಲಿಫೋನೂ ಹೀಗೇ, ದನಿಯ ಬಲದಲ್ಲೇ ಓಡುವಂಥದ್ದು.

ಒತ್ತಿದರೆ ವೋಲ್ಟ್ ಕೊಡುವ ಪೀಜೋ ಬಿಲ್ಲೆಯ ವಿಷಯ ಬೇಗ ಮುಗಿಸುತ್ತೇನೆ. 27 ಮಿಲಿಮೀಟರಿನ ಹಿತ್ತಾಳೆ ಬಿಲ್ಲೆಯನ್ನು ಉಗುರಿನಿಂದ ತಟ್ಟಿದರೆ ಸ್ಕೋಪಿನಲ್ಲಿ 10 ವೋಲ್ಟ್ ಜಿಗಿಯುತ್ತದೆ. ನೋಡಿದವರಿಗೆ ಹಬ್ಬ. ಆದರೆ ಅದು ಕರೆಂಟನ್ನು ಚೂರು ಹೊತ್ತು ಕೂಡಿಡುವ, 20 ನ್ಯಾನೋಫ್ಯಾರಡ್‌ನ ಕಂಡೆನ್ಸರ್ ಅಷ್ಟೇ, ಅದರಲ್ಲಿ 10 ವೋಲ್ಟ್ ತುಂಬಿದಾಗ ಇರುವುದು 1 ಮೈಕ್ರೋಜೂಲ್. ಅಡುಗೆಮನೆಯ ಗ್ಯಾಸ್ ಲೈಟರ್ ಸಾವಿರಾರು ವೋಲ್ಟ್ ಕೊಟ್ಟರೂ ಒಂದು ಕಿಡಿಯಲ್ಲೇ ಮುಗಿಯುತ್ತದಲ್ಲ, ಅದೂ ಪೀಜೋನೇ.

ಕಂಡೆನ್ಸರ್ ಮೈಕು, ಕಪ್ಪು ಫೋನು

ಮೊಬೈಲ್, ಲ್ಯಾಪ್‌ಟಾಪುಗಳಲ್ಲಿ ಬಹುಕಾಲ ಇದ್ದ ಗುಂಡಿಯಂಥ ಮೈಕಿಗೆ ಎಲೆಕ್ಟ್ರೆಟ್ ಎನ್ನುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಮುಖ ನೋಡಬಹುದು, 'ಕಂಡೆನ್ಸರ್ ಮೈಕ್' ಎಂದರೆ ಡಬ್ಬಿ ತೆಗೆಯುತ್ತಾರೆ. 2.2 ಕಿಲೋ ಓಮ್ ಮೂಲಕ ಬ್ಯಾಟರಿ ಕೊಟ್ಟು ಅಳೆದರೆ ಎಸ್‌ಎಂ58ಗಿಂತ ಮೂರು ಪಟ್ಟು ಜಾಸ್ತಿ, 1 ಪಾಸ್ಕಲ್‌ಗೆ 6 ಮಿಲಿವೋಲ್ಟಿನ ಹತ್ತಿರ. ಆದರೆ ಬ್ಯಾಟರಿ ತೆಗೆದರೆ ಏನೂ ಇಲ್ಲ. ಒಳಗಿನ ಪರದೆ ಕೊಡುವ ಚೂರು ಸಿಗ್ನಲ್ ಹೊರಗೆ ಬರುವುದೇ ಇಲ್ಲ, ಅದು ಒಂದು ಎಫ್‌ಇಟಿ ಟ್ರಾನ್ಸಿಸ್ಟರಿನ ಕಿವಿ ತಿರುಚುತ್ತದೆ ಅಷ್ಟೇ. ಹೊರಗೆ ಬರುವ ಕರೆಂಟೆಲ್ಲ ಬ್ಯಾಟರಿಯದು. ಇದು ನೀರಿನ ನಲ್ಲಿ, ಬಾವಿಯಲ್ಲ.

ಅಜ್ಜನ ಕಾಲದ ಕಪ್ಪು ಡಯಲ್ ಫೋನೂ ನಲ್ಲಿಯ ಜಾತಿಯದೇ. ಬೆಂಗಳೂರಿನ ದೂರವಾಣಿ ನಗರದಲ್ಲಿ 1948ರಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಫೋನುಗಳು ದೇಶದ ಎಲ್ಲೆಡೆ ಇದ್ದವು. ಅದರ ಬಾಯಿಯಲ್ಲಿ ಇದ್ದಿಲ ಕಾಳಿನ ಮೈಕು. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ಬರುವ ಕೆಲವು ಹತ್ತು ಮಿಲಿಆಂಪ್ ಕರೆಂಟನ್ನು ಆ ಕಾಳುಗಳು ದನಿಗೆ ತಕ್ಕಂತೆ ಹಿಂಡುತ್ತಿದ್ದವು. ಆಂಪ್ಲಿಫೈಯರ್ ಇಲ್ಲದೆ ಊರಿಂದ ಊರಿಗೆ ಮಾತು ಮುಟ್ಟಿದ್ದು ಈ ಉಪಾಯದಿಂದ. ಗೊರಗೊರ ದನಿ ಅನ್ನುವುದು ನಿಜ, ಆದರೆ ಎಸ್‌ಎಂ58 ಆ ಕೆಲಸ ಮಾಡಲಾರದು.

ಈಗ ತಂತಿಯ ಸರದಿ

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿಯಲ್ಲಿ. ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್. ನಮ್ಮ ಮನೆ ಅದರ ಟವರಿನಿಂದ ಹತ್ತು ಕಿಲೋಮೀಟರಿನ ಸುತ್ತಮುತ್ತ. ನೆಲ ಒಂಚೂರೂ ನುಂಗದಿದ್ದರೆ ಅಷ್ಟು ದೂರದಲ್ಲಿ ಪ್ರತಿ ಮೀಟರಿಗೆ ಎಷ್ಟು ವೋಲ್ಟ್ ಇರಬೇಕು ಎನ್ನುವುದಕ್ಕೆ ಸುಲಭ ಸೂತ್ರವಿದೆ: ಕಿಲೋವ್ಯಾಟಿನ ವರ್ಗಮೂಲವನ್ನು 300ರಿಂದ ಗುಣಿಸಿ, ಕಿಲೋಮೀಟರಿನಿಂದ ಭಾಗಿಸಿದರೆ ಮಿಲಿವೋಲ್ಟ್. ನಮಗೆ 420 ಬರುತ್ತದೆ. ಅಂದರೆ ಪ್ರತಿ ಮೀಟರ್ ಎತ್ತರಕ್ಕೆ ಅರ್ಧ ವೋಲ್ಟಿಗೆ ಸ್ವಲ್ಪ ಕಡಿಮೆ. ಮೈಕಿನ ಮೈಕ್ರೋವೋಲ್ಟ್ ನೋಡಿ ಬಂದವನಿಗೆ ಈ ಅಂಕಿ ನಂಬಿಕೆಯಾಗಲಿಲ್ಲ.

ತಂತಿ ಮಾಳಿಗೆಯಿಂದ ತೆಂಗಿನ ಮರಕ್ಕೆ 15 ಮೀಟರ್ ಅಡ್ಡ, ಅಲ್ಲಿಂದ ಕೋಣೆಗೆ 6 ಮೀಟರ್ ಕೆಳಗೆ. ಕೆಲಸ ಮಾಡುವುದು ಮುಖ್ಯವಾಗಿ ಆ 6 ಮೀಟರ್. ಅಡ್ಡ ತಂತಿ ಮೇಲಿನ ತುದಿಗೆ ತೂಕ ಕೊಡುತ್ತದೆ. ಲೆಕ್ಕದಲ್ಲಿ 2 ವೋಲ್ಟ್ ಬರಬೇಕಿತ್ತು, ಸ್ಕೋಪಿನಲ್ಲಿ ಬಂದದ್ದು 1 ವೋಲ್ಟ್. ಉಳಿದರ್ಧ ನೆಲಕ್ಕೆ, ಮನೆಯ ಕಬ್ಬಿಣದ ಸರಳಿಗೆ, ಮರಕ್ಕೆ ಹೋಗಿರಬೇಕು. 1 ವೋಲ್ಟ್ ಏನು ಕಡಿಮೆಯೇ? ಕಾಯಿಲ್ ಇಲ್ಲ, ಟ್ಯೂನಿಂಗ್ ಇಲ್ಲ, ಬರೀ ತಂತಿ. 10 ಎಕ್ಸ್ ಪ್ರೋಬ್ ಹಿಡಿದು ಜೂಮ್ ಮಾಡಿದರೆ ಆಕಾಶವಾಣಿಯ ಅಲೆ ನುಣ್ಣಗೆ ನಿಂತಿರುತ್ತದೆ, ನಿರೂಪಕಿ ಮಾತಾಡಿದಂತೆ ಅದರ ಅಂಚು ಉಸಿರಾಡುತ್ತದೆ.

ಆದರೆ ಇಲ್ಲೂ ಅದೇ ಪ್ರಶ್ನೆ, ಹಿಂದೆ ಎಷ್ಟು ಓಮ್? ಚಿಕ್ಕ ತಂತಿ ಕಂಡೆನ್ಸರಿನಂತೆ ನಡೆದುಕೊಳ್ಳುತ್ತದೆ. ನಮ್ಮದು ಸುಮಾರು 150 ಪಿಕೋಫ್ಯಾರಡ್. 765 ಕಿಲೋಹರ್ಟ್ಸ್‌ನಲ್ಲಿ ಅದು 1400 ಓಮ್‌ನಷ್ಟು ಅಡ್ಡ ನಿಲ್ಲುತ್ತದೆ. ಅದನ್ನು ಕಾಯಿಲ್ ಹಾಕಿ ಕಳೆಯಬಹುದು, ಏಕೆಂದರೆ ಕಂಡೆನ್ಸರಿನ ಅಡ್ಡಿಗೂ ಕಾಯಿಲಿನ ಅಡ್ಡಿಗೂ ದಿಕ್ಕು ಉಲ್ಟಾ. 63 ಮಿಲಿಮೀಟರಿನ ಪಿವಿಸಿ ಪೈಪಿನ ಮೇಲೆ 28 ಗೇಜ್ ಎನಾಮಲ್ ತಂತಿ 85 ಸುತ್ತು, ಒಂದಕ್ಕೊಂದು ತಾಗಿಸಿ. 450 ಮೈಕ್ರೋಹೆನ್ರಿ ಬರುತ್ತದೆ. ಬೇಕಾದ್ದಕ್ಕಿಂತ ಇದು ಜಾಸ್ತಿ, ಬೇಕೆಂದೇ. ಉಳಿದದ್ದನ್ನು ಹಳೆಯ ರೇಡಿಯೋದ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹುಡುಕಲು ತಿರುಗಿಸುವಂಥದ್ದು) ಸರಣಿಯಲ್ಲಿ ಕೂತು ತಿದ್ದುತ್ತದೆ. 260 ಪಿಕೋಫ್ಯಾರಡ್ ಹತ್ತಿರ ತಿರುಗಿಸಿದಾಗ ಸ್ಟೇಷನ್ ಚಕ್ಕನೆ ಕೂತಿತು.

ಅಡ್ಡಿ ಕಳೆದ ಮೇಲೆ ಉಳಿಯುವುದು ನಿಜವಾದ ನಷ್ಟ. ಕಾಯಿಲಿನದು 20 ಓಮ್‌ಗಿಂತ ಕಡಿಮೆ. ಅರ್ಥಿಂಗಿನದು 100! ಗೋಡೆ ಪಕ್ಕ ಒಣ ನೆಲದಲ್ಲಿ ಒಂದು ಸರಳು ಬಡಿದದ್ದು ಅದು. ಅಲ್ಲಿಗೆ 1 ವೋಲ್ಟ್ ಹಿಂದೆ 120 ಓಮ್, ಸಿಗುವುದು 2 ಮಿಲಿವ್ಯಾಟ್. ಕಾಯಿಲಿನಲ್ಲಿ ಅರ್ಥಿಂಗ್ ಕಡೆಯಿಂದ 20ನೇ ಸುತ್ತಿಗೆ ಟ್ಯಾಪ್ (ನಡುವಿನಿಂದ ಹೊರಗೆಳೆದ ತಂತಿ) ತೆಗೆದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬ್ಯಾಟ್85 ಡಯೋಡ್ ಹಾಕಿ, ಎಲ್‌ಇಡಿ ಜೋಡಿಸಿದೆ. ಹತ್ತಿತು. ಕತ್ತಲೆ ಬೇಕಾಗಲಿಲ್ಲ. ನಿಂತೇ ಇರುತ್ತದೆ, ಯಾರೂ ಒದರಬೇಕಾಗಿಲ್ಲ.

ಸರಳಿನ ಸುತ್ತ ಗುಂಡಿ ತೋಡಿ ಉಪ್ಪು, ಇದ್ದಿಲು, ಎರಡು ಬಕೆಟ್ ನೀರು ಹಾಕಿದಾಗ ಬೆಳಕು ಕಣ್ಣೆದುರೇ ಏರಿತು. ನಿಜವಾದ ಜಿಗಿತ ಬಂದದ್ದು ಬೋರ್‌ವೆಲ್ಲಿನ ಕೇಸಿಂಗ್ ಪೈಪಿಗೆ ದಪ್ಪ ತಾಮ್ರದ ತಂತಿ ಬಿಗಿದ ಮೇಲೆ. ಆಳದ ತನಕ ಇಳಿದ ಕಬ್ಬಿಣದ ಪೈಪಿಗಿಂತ ಒಳ್ಳೆಯ ಅರ್ಥಿಂಗ್ ಎಲ್ಲಿ ಸಿಗಬೇಕು? ಒಟ್ಟು ನಷ್ಟ 50 ಓಮ್‌ಗೆ ಇಳಿಯಿತು, ಟ್ಯಾಪನ್ನು ಹತ್ತನೇ ಸುತ್ತಿನ ಹತ್ತಿರಕ್ಕೆ ಇಳಿಸಬೇಕಾಯಿತು, ಎಲ್‌ಇಡಿಯ ಕರೆಂಟ್ 1 ಮಿಲಿಆಂಪ್ ದಾಟಿತು. ಇಂಥ ಕೆಲಸದಲ್ಲಿ ಎಲ್ಲರೂ ತಂತಿ ಉದ್ದ ಮಾಡಲು ಹೊರಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲು ನೆಲ ನೋಡಿ.

ಆಂಟೆನಾಗಳೆಲ್ಲ ಹೀಗೆ ಉದಾರಿಗಳಲ್ಲ. ಎಫ್‌ಎಂ ರೇಡಿಯೋ 1 ಮೈಕ್ರೋವೋಲ್ಟಿನ ಆಸುಪಾಸಿನಲ್ಲೂ ಸ್ಟೇಷನ್ ಹಿಡಿಯುತ್ತದೆ, 75 ಓಮ್ ಮೇಲೆ ಅದು 13 ಫೆಮ್ಟೋವ್ಯಾಟ್. ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಶಾರ್ಟ್‌ವೇವ್‌ನಲ್ಲಿ ಎಸ್9 ಎಂದು ಹೊಗಳುವ ಗಟ್ಟಿ ಸಿಗ್ನಲ್ 50 ಮೈಕ್ರೋವೋಲ್ಟ್. ನಮ್ಮ ಮೈಕಿನ 37ರ ನೆರೆಮನೆ ಅದು. ಮೊಬೈಲಿನ ಜಿಪಿಎಸ್ ಆಂಟೆನಾಗೆ ಬಯಲಿನಲ್ಲಿ ನಿಂತರೂ ಸಿಗುವುದು ಒಂದು ವ್ಯಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು. ನಮ್ಮ ತಂತಿ ದೊಡ್ಡ ಸ್ಟೇಷನ್ನಿನ ನೆರಳಿನಲ್ಲಿದೆ, ಅಷ್ಟೇ.

ಮಳೆಗಾಲದ ಮಾತು ಒಂದು. ಅಡ್ಡಮಳೆಯ ಮೋಡ ಬಂದಾಗ ಅಥವಾ ಒಣ ಗಾಳಿ ಬೀಸಿದಾಗ ಇದೇ ತಂತಿಯಲ್ಲಿ ಕಿಡಿ ಹಾರುವಷ್ಟು ವೋಲ್ಟ್ ಕೂಡುತ್ತದೆ. ತಂತಿಯಿಂದ ನೆಲಕ್ಕೆ 1 ಮೆಗಾಓಮ್ ಕಾಯಂ ಇಟ್ಟಿದ್ದೇನೆ, ಅದರಿಂದ ಕೂಡಿದ್ದು ಸೋರಿ ಹೋಗುತ್ತದೆ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ತಂತಿಯನ್ನು ಹೊರಗಡೆಯೇ ನೇರ ನೆಲಕ್ಕೆ ಕಚ್ಚಿಸಬೇಕು. ಕರೆಂಟ್ ಕಂಬದ ಲೈನಿನ ಹತ್ತಿರ ಇಂಥ ತಂತಿ ಕಟ್ಟಲೇಬಾರದು.

ತಂತಿಯ ಕರೆಂಟಿನಿಂದ ಮೈಕು

ಎಲೆಕ್ಟ್ರೆಟ್ ಮೈಕಿಗೆ ಬೇಕಾದ್ದು ಕಾಲು ಮಿಲಿಆಂಪ್. ತಂತಿ ಕೊಡುತ್ತಿರುವುದು ಒಂದಕ್ಕಿಂತ ಜಾಸ್ತಿ. ಎರಡನ್ನೂ ಜೋಡಿಸದೆ ಬಿಡುವುದು ಹೇಗೆ?

ಎಲ್‌ಇಡಿಯನ್ನು ತೆಗೆಯಲಿಲ್ಲ. ಅದು 1.8 ವೋಲ್ಟಿಗಿಂತ ಮೇಲೆ ಏರದಂತೆ ತಡೆಯುವ ಕಾವಲುಗಾರನೂ ಹೌದು, ಸಪ್ಲೈ ಇದೆ ಎಂದು ತೋರಿಸುವ ದೀಪವೂ ಹೌದು. ಅದಾದ ಮೇಲೆ 470 ಓಮ್, 1000 ಮೈಕ್ರೋಫ್ಯಾರಡ್. ಅಲ್ಲಿಂದ 2.2 ಕಿಲೋ ಓಮ್ ಮೂಲಕ ಮೈಕು. ಮೈಕಿನ ಮೇಲೆ 1 ವೋಲ್ಟಿಗೆ ಸ್ವಲ್ಪ ಜಾಸ್ತಿ ಬಿತ್ತು. ಅದಕ್ಕಿಂತ ಕಡಿಮೆಯಾದರೆ ಕಷ್ಟ. ನಂತರ ಬಿಸಿ549 ಟ್ರಾನ್ಸಿಸ್ಟರ್ ಒಂದೇ ಒಂದು, ಕಲೆಕ್ಟರಿಗೆ 4.7 ಕಿಲೋ, ಕಲೆಕ್ಟರಿನಿಂದ ಬೇಸಿಗೆ 470 ಕಿಲೋ. ಅದು ಕುಡಿಯುವುದು 0.15 ಮಿಲಿಆಂಪ್, ಏರಿಸುವುದು 25 ಪಟ್ಟು. ಔಟ್‌ಪುಟ್ಟಿನಿಂದ ಪಕ್ಕದ ಕೋಣೆಗೆ ಎರಡು ಎಳೆ ವೈರ್, ತುದಿಯಲ್ಲಿ ಕ್ರಿಸ್ಟಲ್ ಇಯರ್‌ಫೋನ್. ಮೂವತ್ತು ಸೆಂಟಿಮೀಟರಿನಿಂದ ಮಾತಾಡಿದರೆ ಮೈಕು 0.4 ಮಿಲಿವೋಲ್ಟ್ ಕೊಡುತ್ತದೆ, ಇಯರ್‌ಫೋನಿಗೆ 10 ತಲುಪುತ್ತದೆ.

ಮೊದಲು ಕೇಳಿದ್ದು ನನ್ನ ದನಿಯಲ್ಲ, ಆಕಾಶವಾಣಿಯ ಭಾವಗೀತೆ. ಸಪ್ಲೈನಿಂದ ಸೋರುತ್ತಿದೆ ಎಂದುಕೊಂಡು ಕಂಡೆನ್ಸರ್ ಹೆಚ್ಚಿಸಿದರೂ ಹಾಡು ಕಡಿಮೆಯಾಗಲಿಲ್ಲ. ಸೋರಿಕೆ ಬೇರೆ ದಾರಿಯಲ್ಲಿತ್ತು. ಮೈಕಿನ ಉದ್ದ ವೈರು ತಾನೇ ಆಂಟೆನಾ ಆಗಿ 765 ಕಿಲೋಹರ್ಟ್ಸ್ ಹಿಡಿಯುತ್ತಿತ್ತು, ಒಳಗಿನ ಎಫ್‌ಇಟಿ ಅದನ್ನು ಡಯೋಡಿನಂತೆ ಬಿಡಿಸಿ ಹಾಡು ಮಾಡುತ್ತಿತ್ತು. ಮೈಕಿನ ಕಾಲುಗಳಿಗೇ 1 ನ್ಯಾನೋಫ್ಯಾರಡ್ ಬೆಸೆದು, ವೈರನ್ನು ಗೇಣುದ್ದಕ್ಕೆ ಕತ್ತರಿಸಿದೆ. ಹಾಡು ಹಿಂದಕ್ಕೆ ಸರಿಯಿತು, ಮಾತು ಮುಂದೆ ಬಂತು. ಪೂರ್ತಿ ಹೋಗಿಲ್ಲ. ಅದರದೇ ಅನ್ನ ತಿನ್ನುತ್ತಿರುವಾಗ ಅಷ್ಟು ಸಹಿಸಬೇಕು, ಅಲ್ವಾ?

ಬ್ಯಾಟರಿ ಇಲ್ಲದ ಮೈಕಿಗೆ ರೇಡಿಯೋ ಅಲೆಯ ಊಟ ಹಾಕುವುದು ಹೊಸದೇನಲ್ಲ. 1945ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ಮಕ್ಕಳು ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನವನ್ನು ಉಡುಗೊರೆ ಕೊಟ್ಟರು. ಅದರೊಳಗೆ ರಷ್ಯಾದ ವಿಜ್ಞಾನಿ ಲಿಯೋನ್ ಥೆರೆಮಿನ್ ಮಾಡಿದ ಕದ್ದಾಲಿಸುವ ಯಂತ್ರ ಇತ್ತು: ಒಂದು ಲೋಹದ ಡಬ್ಬಿ, ಬಾಯಿಗೆ ತೆಳು ಪರದೆ, ಒಂದು ಕಡ್ಡಿ ಆಂಟೆನಾ. ಬ್ಯಾಟರಿ ಇಲ್ಲ, ಟ್ರಾನ್ಸಿಸ್ಟರೂ ಇಲ್ಲ. ಹೊರಗಿನಿಂದ ಯಾರೋ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದು ಎಚ್ಚರವಾಗುತ್ತಿತ್ತು, ಕೋಣೆಯ ಮಾತಿಗೆ ತಕ್ಕಂತೆ ಅಲೆಯನ್ನು ಕದಲಿಸಿ ವಾಪಸ್ ಕಳಿಸುತ್ತಿತ್ತು. ಪತ್ತೆಯಾದದ್ದು 1952ರಲ್ಲಿ. ನಮ್ಮದಕ್ಕೆ ಹೋಲಿಸಿದರೆ ಅದೆಷ್ಟೋ ಚೊಕ್ಕ ಕೆಲಸ. ನಮ್ಮದರಲ್ಲಿ ವೈರ್ ಬೇಕು, ಅದರಲ್ಲಿ ಅದೂ ಬೇಡ.

ಈಗ ಉಳಿದಿರುವ ತಾಪತ್ರಯ ಒಂದೇ. ಪ್ರಸಾರ ನಿಂತರೆ ಮೈಕೂ ನಿಲ್ಲುತ್ತದೆ. 0.47 ಫ್ಯಾರಡ್‌ನ ಸೂಪರ್ ಕೆಪಾಸಿಟರ್ (ಬಲು ದೊಡ್ಡ ಕಂಡೆನ್ಸರ್) ತಂದು ಎಲ್‌ಇಡಿಗೆ ಅಡ್ಡ ಹಾಕಿದೆ. 1 ಮಿಲಿಆಂಪ್‌ನಲ್ಲಿ ತುಂಬಲು ಕಾಲು ಗಂಟೆ ಸಾಕು, ಆದರೆ 1.8ರಿಂದ 1.2 ವೋಲ್ಟಿಗೆ ಇಳಿಯುವ ತನಕ ಮೈಕು, ಟ್ರಾನ್ಸಿಸ್ಟರ್ ಎರಡನ್ನೂ ನಡೆಸಲು ಲೆಕ್ಕದಲ್ಲಿ ಹನ್ನೊಂದು ನಿಮಿಷ. ಎಲ್‌ಇಡಿಯೇ ಕುಡಿಯುವುದನ್ನು ತಪ್ಪಿಸಿದರೆ ಅಷ್ಟೂ ಸಿಗಬಹುದು. ಅದರ ಬದಲು ಒಂದು ರೀಚಾರ್ಜ್ ಸೆಲ್ ಇಟ್ಟು, ದಿನವಿಡೀ ಆಕಾಶವಾಣಿಯಿಂದ ತುಂಬಿಸುವ ಯೋಚನೆ ಇದೆ. 1.2 ವೋಲ್ಟಿನಲ್ಲಿ ನಡೆಯಬೇಕಾದರೆ ಮೈಕಿನ 2.2 ಕಿಲೋವನ್ನು 1 ಕಿಲೋಗೆ ಇಳಿಸಬೇಕು, ಕಲೆಕ್ಟರಿನದನ್ನೂ 3.3ಕ್ಕೆ.